ಮುಂದಿನ ಗಾಲಿ ಕೆಳಗೆ ಇರುವೆ ಇದೆಯಾ?

ಕಳೆದ ವಾರ ನಮ್ಮ ವಿಮಾನ ಹಾರಲಿಲ್ಲ.

ಹಾರಲಿಲ್ಲ ಅಂದರೆ, ಕೊನೆಗೆ ಹಾರಿತು. ಹಾರಬೇಕಾದ ಹೊತ್ತಿಗೆ ಹಾರಲಿಲ್ಲ, ಅಷ್ಟೇ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದವರು ನಾನು ಮತ್ತು ನನ್ನ ಅತ್ತೆಯ ಮಗಳು ಸುಶೀಲ. ನಾನು ತೊಂಬತ್ತರ ಹೊಸ್ತಿಲಲ್ಲಿದ್ದೇನೆ. ಅವಳು ಎಂಬತ್ತು ದಾಟಿದವಳು. ಇಬ್ಬರ ನಡುವೆ ನೆಟ್ಟಗಿರುವ ಮಂಡಿ ಒಂದೇ (ಅದು ತನ್ನದು ಎಂದು ಅವಳ ವಾದ, ನನ್ನದು ಎಂದು ನನ್ನದು). ಬಸ್ಸಿನಲ್ಲಿ ಕೂತು ಬರಲು ಇಬ್ಬರಿಗೂ ಆಗದು. ಹಾಗಾಗಿ ಈ ವಿಮಾನದ ವೈಭವ.

ಬೆಲ್ಟ್ ಕಟ್ಟಿಕೊಂಡಾಯಿತು. ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡಾಯಿತು. ವಿಮಾನ ನೆಲದ ಮೇಲೆ ಒಂದಿಷ್ಟು ದೂರ ಉರುಳಿ, ಗಕ್ಕನೆ ನಿಂತುಬಿಟ್ಟಿತು. ಇಂಗ್ಲಿಷಿನಲ್ಲಿ ಏನೋ ಹೇಳಿದರು, ಹಿಂದಿಯಲ್ಲೂ ಹೇಳಿದರು. ನಾನು ಗಗನಸಖಿಯನ್ನು ಕರೆದು ಕೇಳಿದೆ. ಹುಡುಗಿ ನಮ್ಮ ಕಡೆಯವಳೇ ಇರಬೇಕು, ಬಗ್ಗಿ ಕಿವಿಯಲ್ಲಿ ಹೇಳಿದಳು, "ನೆಲದ ಮೇಲೆ ಹೋಗುವಾಗ ಮುಂದಿನ ಗಾಲಿ ತಿರುಗಿಸ್ತಾರಲ್ಲ ಅಜ್ಜಿ, ಆ ಸ್ಟೇರಿಂಗ್ ಚೆಕ್ ಮಾಡ್ಬೇಕಂತೆ. ಕಂಪಲ್ಸರಿ. ಅದು ಓಕೆ ಆಗದೆ ಹೊರಡೋ ಹಾಗಿಲ್ಲ."

ಸುಶೀಲ ಸುಮ್ಮನಿರುವವಳೇ?

"ಆಕಾಶದಲ್ಲಿ ಹೋಗೋ ವಿಮಾನಕ್ಕೆ ಗಾಲಿ ತಿರುಗಿದ್ರೆಷ್ಟು, ಬಿಟ್ರೆಷ್ಟು? ಮೇಲೆ ಎಂತ ಟರ್ನಿಂಗ್ ಇದೆಯಾ?" ಎಂದು ದೊಡ್ಡ ದನಿಯಲ್ಲೇ ಕೇಳಿದಳು. ಹಿಂದಿನ ಸೀಟಿನ ಇಬ್ಬರು ನಕ್ಕರು. ಮುಂದಿನ ಸೀಟಿನವನು ಫೋನಿನಲ್ಲಿ ಯಾರಿಗೋ ಬೈಯಲು ಶುರು ಮಾಡಿದ. ಪಕ್ಕದ ಸಾಲಿನಲ್ಲಿ ಒಬ್ಬ ವಾಚು ನೋಡಿ, ಮತ್ತೆ ಫೋನು ನೋಡಿ, ಎರಡರಲ್ಲೂ ಒಂದೇ ಟೈಮು ಇದ್ದದ್ದಕ್ಕೆ ಸಿಟ್ಟಾದ.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಹಳದಿ ಅಂಗಿ ತೊಟ್ಟ ಒಬ್ಬ ಮನುಷ್ಯ ವಿಮಾನದ ಮೂತಿಯ ಹತ್ತಿರ ಬಗ್ಗಿ ನಿಂತಿದ್ದ. ಒಂದು ಕೈ ಮಂಡಿಯ ಮೇಲೆ. ಕಣ್ಣು ನೆಲದ ಕಡೆ. ಇನ್ನೊಂದು ಕೈಯಲ್ಲಿ ಮೇಲೆ ಕೂತ ಪೈಲಟ್ಟಿಗೆ ಸನ್ನೆ. ಎಡಕ್ಕೆ ತಿರುಗಿಸು. ಈಗ ಬಲಕ್ಕೆ. ಇನ್ನೊಂದು ಸಲ.

ನನಗೆ ಅಜ್ಜಿ ನೆನಪಾದಳು. ಅಜ್ಜಿ ನಿಲ್ಲುತ್ತಿದ್ದದ್ದು ಥೇಟ್ ಹೀಗೆಯೇ. ಹಳದಿ ಅಂಗಿಯ ಬದಲು ಅವಳದು ಮಾಸಲು ಬಿಳಿ ಸೀರೆ.

ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೂ ಕಾಣದ ದಿನಗಳು. ಸಾಗರ, ಹೊಸನಗರ, ನಗರ ಎಂಬ ಊರುಗಳ ಮೇಲೆ ನಮ್ಮ ಮೇಳಿಗೆಗೆ ಬಂದು ತೀರ್ಥಹಳ್ಳಿ ಸೇರುವ ಒಂದು ಇದ್ದಿಲು ಬಸ್ಸಿತ್ತು. ಅದರ ಬೆನ್ನಿಗೆ ಒಂದು ಡ್ರಮ್ಮು. ಅದರೊಳಗೆ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಬಸ್ಸು ಓಡಿಸುವುದು. ಏರು ಬಂದರೆ ಅರ್ಧ ಜನ ಇಳಿದು ನಡೆಯಬೇಕು. ಸೀಟಿನ ಮೇಲೆ ಕೂತರೂ ಇಳಿಯುವಾಗ ಮೂಗಿನ ತುದಿ ಕಪ್ಪಾಗಿರುತ್ತಿತ್ತು. ಆ ವಾಸನೆ ಈಗಲೂ ಎಲ್ಲಾದರೂ ಬಂದರೆ ನಾನು ನಿಂತು ಎರಡು ಸಲ ಉಸಿರೆಳೆದುಕೊಳ್ಳುತ್ತೇನೆ. (ಡಾಕ್ಟರಿಗೆ ಹೇಳಬೇಡಿ.)

ಡ್ರೈವರು ಖಾದರ್ ಸಾಬರು. ನಮ್ಮದು ಜೈನರ ಮನೆ. ನಮ್ಮ ಅಜ್ಜಿಯ ಅಹಿಂಸೆ ಬಸದಿಯಲ್ಲೇ ಮುಗಿದುಹೋಗುವ ಬಾಬತ್ತಾಗಿರಲಿಲ್ಲ. ಮಳೆಗಾಲದಲ್ಲಿ ನೆಲದ ತುಂಬ ಹುಳ ಹುಪ್ಪಟೆ ಓಡಾಡುತ್ತವೆ, ಹಾಗಾಗಿ ಆ ತಿಂಗಳುಗಳಲ್ಲಿ ಪ್ರಯಾಣವೇ ಮಾಡಬಾರದು ಎಂಬುದು ಅವಳ ಪಕ್ಕಾ ನಂಬಿಕೆ. ಮಾಡಲೇಬೇಕಾಗಿ ಬಂದರೆ? ನಿಂತ ಬಸ್ಸು ಹೊರಡುವ ಮುಂಚೆ ಅಜ್ಜಿ ಇಳಿದು ಗಾಲಿಗಳ ಕೆಳಗೆ ನೋಡಬೇಕು. ಇರುವೆ ಸಾಲು ಇದೆಯಾ? ಕಪ್ಪೆ ಕೂತಿದೆಯಾ? ಇದ್ದರೆ ಸೆರಗಿನ ತುದಿಯಿಂದ ಮೆಲ್ಲಗೆ ಆಚೆ ಸರಿಸಬೇಕು.

ಮುಂದಿನ ಗಾಲಿಗಳದ್ದೊಂದು ತೊಂದರೆ. ಗಾಲಿಯ ಹಿಂದೆ, ಮಡ್ಗಾರ್ಡಿನ ಸಂದಿಯಲ್ಲಿ ಕೂತದ್ದು ಹಾಗೇ ನೋಡಿದರೆ ಕಾಣುವುದಿಲ್ಲ. ಅದಕ್ಕೆ ಖಾದರ್ ಸಾಬರು ಒಳಗೆ ಕೂತು ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಬೇಕು.

"ಆ ಕಡೆ ತಿರ್ಗ್ಸು ಖಾದರ."

"ತಿರ್ಗ್ಸ್ದೆ ಅಮ್ಮ."

"ಹ್ಞೂಂ. ಈಗ ಈ ಕಡೆ."

"ತಿರ್ಗ್ಸ್ದೆ."

"ಆಯ್ತು. ಯಾರೂ ಇಲ್ಲ. ಹೊರಡು." ಇರುವೆಗೂ 'ಯಾರೂ' ಎನ್ನುವವಳು ಅವಳು.

ಜನ ಬೈಯುತ್ತಿದ್ದರಾ? ಧಾರಾಳವಾಗಿ. ಖಾದರ್ ಸಾಬರು ಮಾತ್ರ ಒಂದು ದಿನವೂ ಬೇಡ ಅನ್ನಲಿಲ್ಲ. "ನಮ್ಮ ಬಸ್ಸಿಗೆ ಇವರೇ ಇನ್ಸ್‌ಪೆಕ್ಟರು" ಎಂದು ನಗುತ್ತಿದ್ದರು.

ಅದು ಭಾದ್ರಪದ. ನಮ್ಮವರಿಗೆ ದಶಲಕ್ಷಣದ ವ್ರತ. ಸಾಬರಿಗೆ ಆ ವರ್ಷ ಅದೇ ಹೊತ್ತಿಗೆ ರಂಜಾನ್. ಅಜ್ಜಿಗೆ ಆ ದಿನಗಳಲ್ಲಿ ಒಪ್ಪತ್ತು. ದಿನಕ್ಕೆ ಒಂದೇ ಊಟ, ನೀರೂ ಆಗಲೇ. ಸೂರ್ಯ ಮುಳುಗಿದ ಮೇಲೆ ಅದೂ ಇಲ್ಲ. ಸಾಬರಿಗೆ ಸೂರ್ಯ ಮುಳುಗುವ ತನಕ ಏನೂ ಇಲ್ಲ. ಒಂದೇ ಬಸ್ಸಿನಲ್ಲಿ ಒಬ್ಬರು ಸೂರ್ಯ ಮುಳುಗಲಿ ಎಂದು ಕಾಯುವವರು, ಇನ್ನೊಬ್ಬರು ಮುಳುಗದಿರಲಿ ಎಂದು ಕಾಯುವವರು! ಅಜ್ಜಿ ಅಂಥ ದಿನಗಳಲ್ಲಿ ಹೊರಟದ್ದಾದರೂ ಯಾಕೆ? ಸಾಗರದಲ್ಲಿದ್ದ ಮಗಳು, ನನ್ನ ಪದ್ಮತ್ತೆ, ತುಂಬು ಬಸುರಿ. ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕಿತ್ತು. ಜೊತೆಗೆ ಬಾಲದಂತೆ ನಾನು.

ಸಾಗರದಿಂದ ಬಸ್ಸು ಹೊರಟದ್ದೇ ತಡವಾಗಿ. ಇದ್ದಿಲು ಹಸಿಯಾಗಿತ್ತಂತೆ. ಹೊಸನಗರದಲ್ಲಿ ಬಂದು ನಿಲ್ಲುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಅಜ್ಜಿಯ ಬಾಯಿಗೆ ಬೆಳಗಿನಿಂದ ಹನಿ ನೀರು ಬಿದ್ದಿಲ್ಲ. ವ್ರತದಲ್ಲಿ ಹೊರಗಿನ ಅಡುಗೆ, ಸೋಸದ ನೀರು ಅವಳು ಮುಟ್ಟುವಂತಿಲ್ಲ. ಆ ದಿನದ ಒಂದೇ ಊಟ ಮೇಳಿಗೆಯ ಮನೆಯಲ್ಲಿ ಕಾದಿತ್ತು. ಕೂಡಲೇ ಹೊರಟರೆ ಬೆಳಕಿರುವಾಗ ಮನೆ ಸೇರಬಹುದು. ತಡವಾದರೆ ಅಜ್ಜಿ ಮಾರನೆಯ ದಿನದವರೆಗೆ ಉಪವಾಸ. ಇದು ಬಸ್ಸಿನವರಿಗೆಲ್ಲ ಗೊತ್ತಿತ್ತು. ಪದ್ಮತ್ತೆ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು.

ಆದರೂ ಅಜ್ಜಿ ಇಳಿದಳು.

ಮುಂದೆ ಕೂತಿದ್ದ ಜವಳಿ ವ್ಯಾಪಾರಿಯೊಬ್ಬರು ತಲೆ ಹೊರಗೆ ಹಾಕಿದರು. "ಇವತ್ತೊಂದಿನ ಬಿಡಿ ಅಜ್ಜಿ. ತಡ ಆದ್ರೆ ಉಪವಾಸ ಬೀಳೋರು ನೀವೇ ಅಲ್ವಾ?"

"ನಂಗೆ ಹಸಿವಾದ್ರೆ ಇರುವೆ ಯಾಕೆ ಸಾಯ್ಬೇಕು?" ಎಂದು ಅಜ್ಜಿ ಬಗ್ಗಿದಳು. "ಆ ಕಡೆ ತಿರ್ಗ್ಸು ಖಾದರ."

"ತಿರ್ಗ್ಸ್ದೆ ಅಮ್ಮ."

"ಎಲ್ಲಿ ತಿರ್ಗ್ಸ್ದೆ? ಗಾಲಿ ಇಲ್ಲೇ ಇದೆ."

"ತಿರ್ಗ್ಸ್ದೆ ಅಮ್ಮ! ಪೂರ್ತಿ ತಿರ್ಗ್ಸ್ದೆ."

"ಈಗ ಬಂತು ನೋಡು, ಮೆಲ್ಲಗೆ. ಇದೆಂತ ಮಾರಾಯ, ನೀ ತಿರುಗ್ಸಿದ ಮೇಲೆ ಇದು ಕೂತು ಯೋಚ್ನೆ ಮಾಡ್ತದೆ?"

ಬಸ್ಸೆಲ್ಲ ನಕ್ಕಿತು. ವ್ಯಾಪಾರಿ, "ಅಜ್ಜಿ ಕಣ್ಣಿಗೆ ಪೊರೆ ಬಂದಿದೆ, ಹೊರಡಿ ಸಾಬ್ರೆ" ಎಂದರು. ಖಾದರ್ ಸಾಬರು ದಿನವಿಡೀ ಬಾಯಿಗೆ ಏನೂ ಹಾಕದ ಮನುಷ್ಯ. ತಲೆನೋವು ಬೇರೆ. ಅವರೂ ಮೊದಲ ಸಲ ಸಿಡುಕಿದರು, "ಹತ್ತಿ ಅಮ್ಮ, ಸಾಕು."

ಅಜ್ಜಿಗೆ ಅವಮಾನವಾಯಿತು. "ಇರುವೆ ಕಾಣೋ ಕಣ್ಣಿಗೆ ಗಾಲಿ ಕಾಣಲ್ವಾ? ನಾ ಹತ್ತಲ್ಲ."

ಪದ್ಮತ್ತೆ ಹೊಟ್ಟೆ ಹಿಡಿದುಕೊಂಡು ಸೀಟಿನಿಂದ ಎದ್ದಳು. "ಅವ್ವ ಹತ್ತದಿದ್ರೆ ನಾನೂ ಬರಲ್ಲ" ಎಂದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ತುಂಬು ಬಸುರಿ ಹೀಗೆ ಇಳಿಯುವುದನ್ನು ನೋಡಿಕೊಂಡು ಯಾವ ಡ್ರೈವರು ಸೀಟಿನಲ್ಲಿ ಕೂರುತ್ತಾನೆ? ಸಾಬರು ಇಳಿದು ಬಂದರು. ಸಿಟ್ಟಿನಲ್ಲೇ ಗಾಲಿಯ ಹಿಂದೆ ಕೈ ಹಾಕಿದರು.

ಹಾಕಿದ ಕೈ ಅಲ್ಲೇ ನಿಂತಿತು.

ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಕಬ್ಬಿಣದ ಸಲಾಕೆಯ ತುದಿಯಲ್ಲಿ ಒಂದು ನಟ್ಟು. ಅದು ಬಿಚ್ಚಿಕೊಳ್ಳದ ಹಾಗೆ ಹಿಡಿದಿಡುವುದಕ್ಕೆ ಒಂದು ಪಿನ್ನು. ಪಿನ್ನು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಸಾಬರು ಬೆರಳಿನಲ್ಲಿ ಮುಟ್ಟಿದ್ದಕ್ಕೇ ನಟ್ಟು ಕಳಚಿ ಅಂಗೈಗೆ ಬಂತು. ಅದನ್ನು ಎತ್ತಿ ಬಸ್ಸಿನ ಕಡೆ ತೋರಿಸಿದರು. ನಗುತ್ತಿದ್ದವರು ಒಬ್ಬೊಬ್ಬರಾಗಿ, ಯಾರೂ ಹೇಳದೆಯೇ, ಕೆಳಗಿಳಿದರು. ನಗರದ ದಾರಿಯ ಇಳಿಜಾರು, ತಿರುವು ಎಲ್ಲರಿಗೂ ಗೊತ್ತಿದ್ದದ್ದೇ.

ಅಜ್ಜಿಗೆ ಮಾತ್ರ ಇದರ ತಲೆಬುಡ ತಿಳಿಯಲಿಲ್ಲ. "ಇರುವೆ ಇಲ್ಲ ತಾನೆ?" ಎಂದು ಇನ್ನೊಮ್ಮೆ ಬಗ್ಗಿ ನೋಡಿದಳು.

ಕಮ್ಮಾರನನ್ನು ಹುಡುಕಿ, ಕುಲುಮೆ ಹೊತ್ತಿಸಿ, ಹೊಸ ಪಿನ್ನು ಬಡಿಸುವಷ್ಟರಲ್ಲಿ ಬಿಸಿಲು ಹಳದಿಯಾಯಿತು. ಮೇಳಿಗೆಯ ಊಟದ ಆಸೆ ಮುಗಿದೇಹೋಯಿತು. ಪದ್ಮತ್ತೆ ಕಣ್ಣೀರು ಹಾಕುತ್ತಿದ್ದಳು. "ನನ್ನ ಕರ್ಕೊಂಡು ಹೋಗೋಕೆ ಬಂದು ನಿಂಗೆ ಈ ಗತಿ ಆಯ್ತಲ್ಲ ಅವ್ವ." ಅಜ್ಜಿ ಜಗಲಿಯೊಂದರ ಮೇಲೆ ಕೂತಿದ್ದಳು. ತುಟಿ ಒಣಗಿ ಬಿಳಿಚಿಕೊಂಡಿತ್ತು.

ಖಾದರ್ ಸಾಬರು ಅವಳನ್ನು ನೋಡಿದರು, ಪಡುವಣ ದಿಕ್ಕನ್ನು ನೋಡಿದರು. ಕೈಯಲ್ಲಿದ್ದ ಸ್ಪ್ಯಾನರು ಬಿಸಾಡಿ ಓಡಿದರು. ಬರುವಾಗ ಒಂದು ಚಿಪ್ಪು ಬಾಳೆಹಣ್ಣು, ಎರಡು ಎಳನೀರು.

"ತಗೊಳ್ಳಿ ಅಮ್ಮ. ಇದಕ್ಕೆ ನೀರು ಸೋಸೋದು ಬೇಡ, ಒಲೆ ಬೇಡ."

ಅಜ್ಜಿ ಆಕಾಶ ನೋಡಿದಳು. ಅಷ್ಟರಲ್ಲಿ ಮೋಡ ಕವಿದಿತ್ತು. "ಸೂರ್ಯ ಇದ್ದಾನಾ?"

"ಇದ್ದಾನೆ ಅಮ್ಮ."

"ನಂಗೆ ಕಾಣಲ್ಲ."

"ಮುಳುಗಿದ್ರೆ ಈ ಹಣ್ಣು ನಿಮ್ಮ ತನಕ ಬರ್ತಿತ್ತಾ? ದಾರಿಲೇ ನಾನು ತಿಂತಿರ್ಲಿಲ್ವಾ!"

ಅಜ್ಜಿಗೆ ನಗು ಬಂತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಗಡಿಯಾರ ಕೊಟ್ಟೀತು? ಕಣ್ಣು ಮುಚ್ಚಿ ಮಂತ್ರ ಹೇಳಿಕೊಂಡು, ಎಳನೀರು ಕುಡಿದು, ಹಣ್ಣು ತಿಂದಳು. ಅರ್ಧ ಚಿಪ್ಪು ಮತ್ತು ಒಂದು ಎಳನೀರು ಉಳಿಸಿ, ಎಲೆಯ ಮೇಲಿಟ್ಟು ಸಾಬರ ಕಡೆ ತಳ್ಳಿದಳು.

"ಈಗ ಮುಳುಗ್ತು. ತಿನ್ನು."

"ಇನ್ನೂ ಇಲ್ಲ ಅಮ್ಮ."

"ಮುಳುಗ್ತು ಅಂದೆ. ಇಲ್ದಿದ್ರೆ ಇನ್ನೊಂದು ಹಣ್ಣು ನಾನೇ ತಿಂತಿದ್ದೆ."

ಸಾಬರು ಮತ್ತೂ ಕಾದರು, ಪೂರ್ತಿ ನಂಬಿಕೆ ಬರುವ ತನಕ. ಇಬ್ಬರದೂ ಒಂದೇ ಜಾತಿಯ ಹಟ. ಮೋಡ ಕವಿದು ಅನುಮಾನ ಬಂದರೆ ಅಜ್ಜಿ ಮುಳುಗಿತು ಅನ್ನುವಳು, ಸಾಬರು ಮುಳುಗಿಲ್ಲ ಅನ್ನುವರು. ಅನುಮಾನದ ಲಾಭವನ್ನು ಇಬ್ಬರೂ ತಮ್ಮ ಹೊಟ್ಟೆಗೆ ಕೊಡುತ್ತಿರಲಿಲ್ಲ. ಇಂದಿನ ಕಂಪಲ್ಸರಿ ಚೆಕ್ಕಿಂಗಿನ ರೂಲ್ ಬುಕ್ಕಿನಲ್ಲಿ ಇರುವುದೂ ಇಷ್ಟೇ ಅಲ್ಲವೇ? ಅನುಮಾನ ಬಂತಾ, ನಿಲ್ಲು. ನಿನಗೇ ಲುಕ್ಸಾನಾದರೂ ನಿಲ್ಲು.

ಆ ರಾತ್ರಿ ಹೊಸನಗರದ ಪರಿಚಯದವರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಅಜ್ಜಿ ಬಸ್ಸಿನ ಹತ್ತಿರ ಬರುವಾಗ ಜವಳಿ ವ್ಯಾಪಾರಿ ಆಗಲೇ ಮುಂದಿನ ಗಾಲಿಯ ಎದುರು ಬಗ್ಗಿ ನಿಂತಿದ್ದರು. ಪಂಚೆ ಎತ್ತಿ ಕಟ್ಟಿದ್ದರು. "ಎರಡೂ ಕಡೆ ತಿರುಗ್ಸಿ ನೋಡಿದ್ವಿ ಅಜ್ಜಿ. ಇರುವೆ ಇಲ್ಲ" ಎಂದರು. ಅಜ್ಜಿ ನಂಬಲಿಲ್ಲ. ಮತ್ತೊಮ್ಮೆ ತಾನೇ ನೋಡಿದಳು.

ಈಗ ಎಲ್ಲದಕ್ಕೂ 'ಚೆಕ್ ಆಗಿದೆ' ಎಂಬ ಸ್ಟಿಕ್ಕರ್ ಇದೆ. ಲಿಫ್ಟಿನಲ್ಲಿ ಸ್ಟಿಕ್ಕರ್, ಸ್ಕೂಲ್ ಬಸ್ಸಿನಲ್ಲಿ ಸ್ಟಿಕ್ಕರ್, ಅಡುಗೆ ಗ್ಯಾಸಿನ ಸಿಲಿಂಡರಿಗೂ ಏನೋ ನಂಬರು. ಯಾರಾದರೂ ಬಗ್ಗಿ ನೋಡಿದರಾ ಅಂತ ಮಾತ್ರ ಕೇಳಬಾರದು. ಬಗ್ಗುವವರನ್ನು ಕಂಡರೆ ನಮಗೆ ಮೊದಲಿನಿಂದಲೂ ನಗು, ಇಲ್ಲವೇ ಸಿಟ್ಟು. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಖಾದರ್ ಸಾಬರೂ ಇಲ್ಲ, ಆ ಬಸ್ಸೂ ಇಲ್ಲ. ನಾವು ಸೀಟಿನಲ್ಲಿ ಆರಾಮಾಗಿ ಕೂತಿರುವಾಗ, ತಾವು ಹಸಿದುಕೊಂಡು, ಬೈಸಿಕೊಂಡು ಕೆಳಗಿಳಿದು ನೋಡುವವರು ಒಬ್ಬರಿದ್ದರಲ್ಲ, ಆ ಧೈರ್ಯ ನನಗೆ ಆಮೇಲೆ ಯಾವ ಪ್ರಯಾಣದಲ್ಲೂ ಸಿಗಲಿಲ್ಲ.

ಕಳೆದ ವಾರ ಸಿಕ್ಕಿತು. ಕಿಟಕಿಯ ಹೊರಗೆ ಹಳದಿ ಅಂಗಿಯವನು ಇನ್ನೂ ಒಮ್ಮೆ ಬಗ್ಗಿ ನೋಡಿ, ನೆಟ್ಟಗಾಗಿ, ಹೆಬ್ಬೆರಳು ಎತ್ತಿದ. ಅವನಿಗೆ ಕಾಣಿಸದಿದ್ದರೂ ನಾನು ಕೈಮುಗಿದೆ. ವಿಮಾನ ಮೆಲ್ಲಗೆ ಹೊರಳಿ ರನ್‌ವೇ ಕಡೆ ಹೊರಟಿತು.

ಪಕ್ಕದಲ್ಲಿ ಸುಶೀಲಳ ಗೊಣಗಾಟ ಇನ್ನೂ ನಿಂತಿರಲಿಲ್ಲ. "ಅಲ್ಲ ಅಕ್ಕಾ, ಒಂದು ಗಾಲಿ ತಿರುಗ್ತದಾ ಇಲ್ವಾ ನೋಡೋಕೆ ಇಷ್ಟು ಹೊತ್ತಾ?"

ಈ ಪ್ರಶ್ನೆ ಲೋಕದಲ್ಲಿ ಬೇರೆ ಯಾರು ಬೇಕಾದರೂ ಕೇಳಲಿ. ಅಂದು ಹೊಸನಗರದಲ್ಲಿ ಪದ್ಮತ್ತೆಯ ಹೊಟ್ಟೆಯೊಳಗೆ ಬೆಚ್ಚಗೆ ಕೂತು ಬಸ್ಸಿನಿಂದ ಕೆಳಗಿಳಿದವಳು ಕೇಳಬಹುದೇ?