ಮೂರು ಬಾಯಿಗೆ ಕೊಟ್ಟ ಕಾಗದ

ಒಂದು ಸೋಮವಾರ ಮೊಮ್ಮಗಳು ಶಾಲೆಯಿಂದ ಕಾಗದವೊಂದನ್ನು ತಂದು ನನ್ನ ಮುಂದೆ ಹಿಡಿದಳು. ‘ಇಲ್ಲಿ ಸೈನ್ ಹಾಕು ಅಜ್ಜಿ, ಶನಿವಾರದೊಳಗೆ ಕೊಡ್ಬೇಕು’ ಎಂದಳು. ಪೆನ್ನಿನ ಮುಚ್ಚಳವನ್ನೂ ಅವಳೇ ತೆಗೆದಿದ್ದಳು. ಪೆನ್ನು ತೆರೆದು ಹಿಡಿದುಕೊಂಡು ಬರುವವರನ್ನು ಕಂಡರೆ ನನಗಾಗದು. ಕಾಗದ ತೆಗೆದುಕೊಂಡೆ, ಪೆನ್ನು ವಾಪಸ್ ಕೊಟ್ಟೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾವ ಕಾಗದವೇ ಆಗಲಿ, ಒಬ್ಬರಿಗೊಬ್ಬರು ಬಳಕೆ ಇಲ್ಲದ ಮೂವರ ಬಾಯಲ್ಲಿ ಓದಿಸಬೇಕು. ಮೂರು ಬಾಯಲ್ಲೂ ಒಂದೇ ಮಾತು ಬಂದರೆ ಸೈನು. ಒಂದು ಬಾಯಿ ಬೇರೆ ಹೇಳಿದರೂ ಇಲ್ಲ. ಇದು ನಮ್ಮ ಅತ್ತೆ ಮಾಡಿದ ಕಟ್ಟಳೆ. ಮಾವ ಒಬ್ಬನ ಕೈಲಿ ಮಾತ್ರ ಓದಿಸಿ, ದಾರಿ ಬಿಡುವ ಕಾಗದ ಎಂದುಕೊಂಡು ಹೆಬ್ಬೆಟ್ಟು ಒತ್ತಿದರು. ಮಾಕಳಿಯ ನಮ್ಮ ರಾಗಿ ಹೊಲ ಹೋಯಿತು. ಅಲ್ಲಿ ಫ್ಯಾಕ್ಟರಿ ಎದ್ದಿತು. ಅದರ ಸೈರನ್ ಕೂಗಿದಾಗಲೆಲ್ಲ ಅತ್ತೆ ಮಾವನ ಕಡೆ ತಿರುಗಿ ‘ಕೇಳುಸ್ತಾ?’ ಎನ್ನುತ್ತಿದ್ದಳು. ಮಾವ ಸಾಯುವ ತನಕ ಎಂದಳು.

ನನಗೆ ಓದು ಬರುವುದೇ ಇಲ್ಲ ಎಂದಲ್ಲ. ಎರಡನೇ ಕ್ಲಾಸು ಮುಗಿಸಿದ್ದೇನೆ. ಬಸ್ಸಿನ ಬೋರ್ಡು ಓದುತ್ತೇನೆ. ಇದನ್ನೂ ನಾನೇ ಬರೆಯುತ್ತಿದ್ದೇನೆ, ತಪ್ಪುಗಳನ್ನು ಮೊಮ್ಮಗಳು ತಿದ್ದಿಕೊಡುತ್ತಾಳೆ. ಆದರೆ ಸಣ್ಣ ಅಕ್ಷರದ ಆಫೀಸು ಕಾಗದವಾದರೆ ಸಾಲಿನ ಕೊನೆ ಮುಟ್ಟುವುದರೊಳಗೆ ಅದರ ತಲೆ ಮರೆತಿರುತ್ತದೆ.

ಶಾಲೆಯಲ್ಲಿ ಶನಿವಾರ ಶನಿವಾರ ಕೆಲವು ಮಕ್ಕಳನ್ನು ಒಂದು ರೂಮಿನಲ್ಲಿ ಕೂರಿಸಿ ಮಾತಾಡಿಸುತ್ತಿದ್ದರು. ಅದಕ್ಕೆಂದೇ ಕೌನ್ಸೆಲಿಂಗ್ ಮೇಡಂ ಒಬ್ಬಳು ಬರುತ್ತಿದ್ದಳು. ಅವಳ ಸಂಬಳ ಯಾವುದೋ ಕಂಪನಿ ಕೊಡುತ್ತಿತ್ತಂತೆ. ಎರಡು ಶನಿವಾರ ಹಾಗೇ ಕೂರಿಸಿಕೊಂಡರು. ಇನ್ನು ಮುಂದೆ ಕೂರಬೇಕಾದರೆ ಮನೆಯವರ ಒಪ್ಪಿಗೆ ಬೇಕು, ಅದಕ್ಕೇ ಈ ಕಾಗದ. ಮಗನಿಗೆ ತೋರಿಸಿದೆ. ‘ನೀನೇ ನೋಡ್ಕಳವ್ವ’ ಎಂದು ಪೀಣ್ಯದ ಶಿಫ್ಟಿಗೆ ಹೊರಟುಹೋದ. ಆ ವಿಷಯ ಬಂದರೆ ಅವನು ಹಾಗೇ ಹೊರಟುಹೋಗುತ್ತಿದ್ದ.

ಆ ವಿಷಯ ಎಂದರೆ ಸೊಸೆಯದು. ಅವಳು ಮನೆ ಬಿಟ್ಟು ಎಂಟು ತಿಂಗಳಾಗಿತ್ತು. ತಪ್ಪು ಯಾರದು ಎಂದು ನಾನು ಬರೆಯುವುದಿಲ್ಲ. ನನ್ನ ಮಗನದೂ ಇತ್ತು. ಸಿಂಗಸಂದ್ರದಲ್ಲಿ ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು, ಭಾನುವಾರ ಮಗಳಿಗೆ ಫೋನ್ ಮಾಡುತ್ತಿದ್ದಳು. ನಾನು ಊರಿಗೆ ಹೇಳಿದ್ದು ಬೇರೆ. ಅವಳ ತಾಯಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಎಂದೆ. ಬೀಗಿತ್ತಿಗೆ ಮೊದಲು ಮಂಡಿನೋವು ಕೊಟ್ಟೆ. ಮೂರು ತಿಂಗಳಿಗೆ ಅದು ಸಾಲಲಿಲ್ಲ, ಸಕ್ಕರೆ ಕಾಯಿಲೆ ಸೇರಿಸಿದೆ. ಆಮೇಲೆ ಬಚ್ಚಲಲ್ಲಿ ಜಾರಿ ಬೀಳಿಸಿದೆ. ನಿಜಕ್ಕೂ ಆ ಹೆಂಗಸು ಕುಣಿಗಲ್ ಕಡೆ ಎರಡು ಎಮ್ಮೆ ಕಟ್ಟಿಕೊಂಡು ನನಗಿಂತ ಗಟ್ಟಿಯಾಗಿದ್ದಳು.

ನಮ್ಮ ಮನೆಯ ಹಿಂದೆ ಬಾಡಿಗೆಗೆ ಕೊಟ್ಟ ಆರು ರೂಮುಗಳಿವೆ. ಎಲ್ಲರಿಗೂ ನೀರು ಒಂದೇ ನಲ್ಲಿಯಲ್ಲಿ. ‘ನಿಮ್ಮ ಬೀಗ್ತಿ ಎಂಗವ್ರೆ ಅಜ್ಜಿ?’ ಎಂದು ಕೇಳದೆ ಯಾರೂ ಕೊಡ ಎತ್ತುತ್ತಿರಲಿಲ್ಲ. ಮೊಮ್ಮಗಳಿಗೂ ಅದನ್ನೇ ಹೇಳಲು ಕಲಿಸಿದ್ದೆ. ಹೇಳುತ್ತಿದ್ದಳು. ಆದರೆ ಊಟ ಬಿಟ್ಟಳು. ಒಂಬತ್ತನೇ ಕ್ಲಾಸಿನ ಹುಡುಗಿ, ಡಬ್ಬಿ ಹೇಗೆ ಕಟ್ಟಿಕೊಟ್ಟರೆ ಹಾಗೇ ವಾಪಸ್ ಬರುತ್ತಿತ್ತು. ಹೊಟ್ಟೆನೋವು ಎಂದು ವಾರದಲ್ಲಿ ಮೂರು ದಿನ ಮಲಗುತ್ತಿದ್ದಳು. ಮೊದಲ ಶನಿವಾರ ಆ ರೂಮಿನಲ್ಲಿ ಕೂತು ಬಂದಮೇಲೆ ಡಬ್ಬಿ ಖಾಲಿಯಾಗಿ ಬರತೊಡಗಿತು. ಸಂತೋಷಪಡುವ ಬದಲು ನಾನು ಶಾಲೆಯ ದಾರಿಯ ಚರಂಡಿಯನ್ನು ಬಗ್ಗಿ ನೋಡಿಕೊಂಡು ಬಂದೆ, ಎಲ್ಲಾದರೂ ಸುರಿದಿದ್ದಾಳೋ ಎಂದು. ಸುರಿದಿರಲಿಲ್ಲ.

‘ಅಲ್ಲಿ ಏನೇ ಮಾತಾಡ್ತೀರಾ?’

‘ಅದನ್ನ ಆಚೆ ಹೇಳ್ಬಾರ್ದು ಅಜ್ಜಿ. ರೂಲ್ಸು.’

ಮನೆಯಲ್ಲಿ ಹೇಳಬೇಡ ಎಂದು ಮಕ್ಕಳಿಗೆ ಹೇಳುವವರು ಯಾರೂ ನನ್ನ ಆಯುಸ್ಸಿನಲ್ಲಿ ಒಳ್ಳೆಯವರಾಗಿದ್ದಿಲ್ಲ. ಅದಕ್ಕೇ ಕಾಗದ ಬರುವ ಮೊದಲೇ, ಎರಡನೇ ಶನಿವಾರ, ಬಸ್ಸು ಹತ್ತಿ ಹೋಗಿ ಆ ರೂಮಿನ ಕಿಟಕಿಯ ಹತ್ತಿರ ನಿಂತಿದ್ದೆ. ಮೊದಲು ಆಟದ ಸಾಮಾನು ತುಂಬುತ್ತಿದ್ದ ರೂಮು. ಕಿಟಕಿಗೆ ಹೊಸ ಪರದೆ. ಮಾತಾಡುವುದಕ್ಕೆ ಪರದೆ ಯಾಕೆ? ಸಂದಿಯಲ್ಲಿ ನೋಡಿದೆ. ಎಂಟು ಮಕ್ಕಳು ಚಾಪೆಯ ಮೇಲೆ ಗುಂಡಗೆ ಕೂತಿದ್ದರು. ಒಂದು ಹಳೇ ಟೆನಿಸ್ ಚೆಂಡು ಕೈಯಿಂದ ಕೈಗೆ ಹೋಗುತ್ತಿತ್ತು. ಚೆಂಡು ಹಿಡಿದವರು ಮಾತಾಡುತ್ತಿದ್ದರು, ಉಳಿದವರು ಸುಮ್ಮನಿದ್ದರು. ನಮ್ಮ ಹುಡುಗಿಯ ಕೈಗೂ ಚೆಂಡು ಬಂತು. ಬಾಯಿ ಆಡುವುದು ಕಂಡಿತು, ಮಾತು ಕೇಳಿಸಲಿಲ್ಲ. ಮನೆಯಲ್ಲಿ ಒಂದು ವಾರಕ್ಕೆ ಆಡುವಷ್ಟನ್ನು ಅಲ್ಲಿ ಒಂದೇ ಉಸಿರಿಗೆ ಆಡಿದಳು. ಮುಗಿಯಿತು, ಬೀಗಿತ್ತಿಯ ಮಂಡಿ ಬಯಲಿಗೆ ಬಂತು ಎಂದುಕೊಂಡೆ.

ಮಕ್ಕಳು ಎದ್ದುಹೋದ ಮೇಲೆ ಮೇಡಂ ಹೊರಗೆ ಬಂದಳು. ಕಡ್ಡಿಯಂಥ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ.

‘ಒಳಗೆ ಬನ್ನಿ ಅಜ್ಜಿ, ಬಿಸಿಲು.’

‘ಬಿಸ್ಲು ನಂಗೇನೂ ಒಸದಲ್ಲ. ಮನೇಲಿ ಯೋಳ್ಬ್ಯಾಡಿ ಅಂತ ಮಕ್ಕಳಿಗೆ ಯೋಳ್ಕೊಡ್ತೀಯಂತೆ? ನಿಂಗೆ ಮದ್ವೆ ಆಗೈತಾ?’

‘ಇಲ್ಲ ಅಜ್ಜಿ.’

‘ಮತ್ತೆ ಸಂಸಾರದ ಇಸ್ಯ ನೀನೇನ್ ಯೋಳ್ಕೊಡ್ತೀಯ?’

‘ನಾನು ಜಾಸ್ತಿ ಹೇಳಲ್ಲ, ಕೇಳಿಸ್ಕೊಳ್ತೀನಿ.’

‘ಕೇಳಿಸ್ಕೊಳಾಕೆ ಸಂಬ್ಳನಾ?’

ಅವಳು ನಕ್ಕುಬಿಟ್ಟಳು. ‘ಹೂಂ ಅಜ್ಜಿ, ಅದಕ್ಕೇ ಸಂಬಳ. ನೋಡಿ, ಅವಳ ಮಾತನ್ನ ಅವಳು ಎಲ್ಲಿ ಬೇಕಾದ್ರೂ ಹೇಳ್ಬೋದು. ನಿಮಗೂ ಹೇಳ್ಬೋದು. ಬೇರೆ ಮಕ್ಕಳ ಮಾತು ಮಾತ್ರ ಆಚೆ ತರ್ಬಾರ್ದು. ದೊಡ್ಡವರು ಯಾರಾದ್ರೂ ಮನೇಲಿ ಹೇಳ್ಬೇಡ ಅಂದ್ರೆ, ಅದನ್ನ ಮೊದ್ಲು ಮನೇಲೇ ಹೇಳ್ಬೇಕು ಅಂತ ನಾನೇ ಕಲಿಸಿದೀನಿ.’

ಮಾತು ಸರಿಯಾಗಿತ್ತು. ಸರಿಯಾದ ಮಾತು ಅಷ್ಟು ಬೇಗ ಬಾಯಿಗೆ ಬರುವವರ ಮೇಲೆ ನನಗೆ ಅನುಮಾನ ಇನ್ನೂ ಜಾಸ್ತಿ. ಬಸ್ಸಿನಲ್ಲಿ ಕೂತಾಗ ಇನ್ನೊಂದು ಹೊಳೆಯಿತು. ನನಗೂ ಹೇಳಬಹುದು ಎಂದಮೇಲೆ ಹುಡುಗಿ ನನಗೆ ಹೇಳುತ್ತಿಲ್ಲ ಯಾಕೆ? ಅಷ್ಟರಲ್ಲಿ ಸ್ಟಾಪ್ ಬಂತು, ಇಳಿದೆ.

ಹೀಗಿದ್ದಾಗ ಬಂದದ್ದು ಆ ಕಾಗದ. ಸೈನ್ ಹಾಕದಿದ್ದರೆ ಡಬ್ಬಿ ಮತ್ತೆ ತುಂಬಿಕೊಂಡೇ ಬರುತ್ತದೆ ಎಂದು ಗೊತ್ತಿತ್ತು. ಹಾಕಿದರೆ ಏನೇನು ಬರೆದುಕೊಟ್ಟ ಹಾಗಾಗುತ್ತದೋ, ಅದು ಗೊತ್ತಿರಲಿಲ್ಲ. ಮೂರು ಬಾಯಿ ಹುಡುಕಿಕೊಂಡು ಹೊರಟೆ.

ಮೊದಲನೆಯದು ತುಮಕೂರು ರಸ್ತೆ ಬದಿಯ ಜೆರಾಕ್ಸ್ ಅಂಗಡಿಯ ಹೆಂಗಸು. ಓದುತ್ತಾ ಓದುತ್ತಾ ಒಂದು ಕಡೆ ನಿಂತಳು, ನನ್ನ ಮುಖ ನೋಡಿದಳು, ಮತ್ತೆ ಮುಂದಕ್ಕೆ ಹೋದಳು. ‘ಏನಿಲ್ಲ ಅಜ್ಜಿ. ಶನಿವಾರ ಒಂದೂವರೆ ಗಂಟೆ ಮಕ್ಕಳ ಜೊತೆ ಮಾತುಕತೆ. ಫೀಸಿಲ್ಲ. ಮಾತ್ರೆ ಗೀತ್ರೆ ಕೊಡಲ್ಲ. ಬೇಡ ಅನಿಸಿದ್ರೆ ಯಾವಾಗ್ಲಾದ್ರೂ ಬಿಡಿಸ್ಬೋದು.’ ಇರಲಿ ಎಂದು ಅಲ್ಲೇ ಒಂದು ಜೆರಾಕ್ಸೂ ತೆಗೆಸಿಕೊಂಡೆ.

ಎರಡನೆಯದು ಹಾಲಿನ ಡೈರಿಯ ಗುಮಾಸ್ತ. ಹಾಲು ಹಾಕುವವರು ಈಗ ನಾಲ್ಕೇ ಮನೆ, ಕೂತು ಮಾತಾಡುವವರು ನಲವತ್ತು. ಅವನು ಕನ್ನಡಕ ಒರೆಸಿಕೊಂಡು ಓದಿ ಅದನ್ನೇ ಹೇಳಿದ. ಮಾತುಕತೆ, ಫೀಸಿಲ್ಲ, ಮಾತ್ರೆ ಇಲ್ಲ, ಬಿಡಿಸಬಹುದು. ಕೊನೆಗೆ ‘ಕೂತ್ಕಳಕ್ಕ, ಕಾಪಿ ಕುಡ್ದು ಓಗು’ ಎಂದ. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ನನಗೆ ಕಾಫಿ ಕೊಟ್ಟಿದ್ದಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಕಾಫಿ ಚೆನ್ನಾಗಿತ್ತು, ಕುಡಿದೆ.

ಮೂರನೆಯದು ನಮ್ಮ ಬಾಡಿಗೆಯವಳೇ, ಯಾದಗಿರಿ ಕಡೆಯವಳು. ಪಿಯುಸಿ ಓದಿದ್ದಾಳೆ, ಡಬ್ಬ ತುಂಬುವ ಫ್ಯಾಕ್ಟರಿಗೆ ಹೋಗುತ್ತಾಳೆ. ಊರಿನವರ ಜೊತೆ ಬಳಕೆ ಇಲ್ಲ. ಅವಳೂ ಅದೇ ನಾಲ್ಕು ಮಾತು ಹೇಳಿದಳು. ಮಧ್ಯದಲ್ಲಿ ಒಂದು ಕಡೆ ಧ್ವನಿ ಜಾರಿತು, ಕೆಮ್ಮು ಎಂದುಕೊಂಡೆ.

ಮೂರು ಬಾಯಿ, ಒಂದೇ ಮಾತು. ಶುಕ್ರವಾರ ಸೈನ್ ಹಾಕೋಣ ಎಂದು ಕಾಗದವನ್ನು ಮಡಿಸಿಟ್ಟೆ.

ಗುರುವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಯಾರೂ ಬೀಗಿತ್ತಿಯನ್ನು ಕೇಳಲಿಲ್ಲ. ಐದು ಜನ ಇದ್ದರು. ‘ನೀವು ಮೊದ್ಲು ಹಿಡ್ಕಳಿ ಅಜ್ಜಿ’ ಎಂದು ದಾರಿ ಬಿಟ್ಟರು. ಒಂದು ಕೊಡಕ್ಕೆ ಜುಟ್ಟು ಹಿಡಿಯುವ ಜನ! ನಾನಾಗಿಯೇ ‘ಬೀಗ್ತಿಗೆ ಇವತ್ತು ಸ್ಕ್ಯಾನಿಂಗು’ ಎಂದು ನೋಡಿದೆ. ‘ಹೂಂ ಅಜ್ಜಿ’ ಎಂದು ಒಬ್ಬಳು ಕೊಡದೊಳಗೆ ಮುಖ ಹಾಕಿದಳು. ಸುಳ್ಳಿಗೆ ಕೇಳುವವರು ಬೇಕು. ಕೇಳುವುದು ನಿಂತಿತು ಎಂದರೆ ನಿಜ ಗೊತ್ತಾಗಿದೆ ಎಂದೇ ಲೆಕ್ಕ.

ನನ್ನ ಅನುಮಾನ ಸೀದಾ ಆ ಚೆಂಡಿನ ಮೇಲೆ ಹೋಯಿತು. ಎಂಟು ಮಕ್ಕಳು, ಎಂಟು ಮನೆ. ಸಂಜೆ ಹುಡುಗಿ ಬ್ಯಾಗು ಇಳಿಸುವ ಮೊದಲೇ ಅಂಗಳದಲ್ಲಿ ಹಿಡಿದುಕೊಂಡೆ.

‘ಶನಿವಾರ ಬಾಯ್ ಬಿಟ್ಟೆ ಅಲ್ವೇನೇ? ನಿಮ್ಮಮ್ಮನ ಇಸ್ಯ ಊರೆಲ್ಲ ಆಗೋಯ್ತು.’

‘ಏನ್ ಹೇಳ್ತಿದೀಯಾ ಅಜ್ಜಿ? ನಮ್ಮ ಗುಂಪಲ್ಲಿ ಈ ಊರಿನವರು ಒಬ್ರೂ ಇಲ್ಲ.’

ಅದೇ ಹೊತ್ತಿಗೆ ಯಾದಗಿರಿಯವಳು ಶಿಫ್ಟು ಮುಗಿಸಿ ಒಳಗೆ ಬಂದಳು. ಹುಡುಗಿಯ ಮುಖ ನೋಡಿ ನಿಂತಳು, ಅವಳ ತಲೆಯ ಮೇಲೆ ಕೈ ಇಟ್ಟಳು. ‘ಅವ್ವ ಬಿಟ್ಟು ಹೋಗ್ಯಾಳಂತ ಮನಸಿಗಿ ಹಚ್ಕೋಬ್ಯಾಡ ತಂಗಿ. ನಮ್ಮಕ್ಕನ ಮಕ್ಕಳೂ ಹಿಂಗ ಬೆಳದಾರ.’

‘ನಿಂಗ್ಯಾರೇ ಯೋಳಿದ್ದು?’ ಎಂದೆ.

‘ನೀವ ಓದಾಕ ಕೊಟ್ಟಿದ್ರಲ್ರಿ ಆಯಿ. ಅದರಾಗ ಬರದಿತ್ತಲ್ರಿ, ತಾಯಿ ಮನಿ ಬಿಟ್ಟು ಬ್ಯಾರೆ ಇದ್ದಾಳಂತ.’

‘ನೀನು ಅದನ್ನ ಓದ್ನೇ ಇಲ್ವಲ್ಲ!’

‘ನಿಮ್ಮ ಮಾರಿ ಮುಂದ ಹೆಂಗ ಓದ್ಲಿರಿ? ನಾಚಿಕಿ ಬಂತ್ರಿ. ಬಿಟ್ಟು ಮುಂದ ಓದಿದೆ.’

ಆಗ ಜೆರಾಕ್ಸ್‌ನವಳು ನಡುವೆ ನಿಂತದ್ದು, ಗುಮಾಸ್ತನ ಕಾಫಿ, ಎಲ್ಲ ನೆನಪಾಯಿತು. ಮೂವರೂ ಮರ್ಯಾದೆಗೆ ಒಂದೇ ಸಾಲು ನುಂಗಿದ್ದರು. ಮೋಸಗಾರರು ಬೇರೆ ಬೇರೆ ಹೇಳಿ ಸಿಕ್ಕಿಬೀಳುತ್ತಾರೆ. ಮರ್ಯಾದಸ್ಥರು ಮೂರು ಮೂಲೆಯಲ್ಲಿದ್ದರೂ ಒಂದೇ ಥರ ಸುಳ್ಳು ಹೇಳುತ್ತಾರೆ ಎಂದು ನಮ್ಮ ಅತ್ತೆ ನನಗೆ ಹೇಳಿಕೊಟ್ಟಿರಲಿಲ್ಲ.

ಹುಡುಗಿ ಕೇಳಿದಳು, ‘ಇನ್ಯಾರ ಹತ್ರ ಓದಿಸ್ದೆ?’

‘ಜೆರಾಕ್ಸ್ ಅಂಗ್ಡಿ. ಡೈರಿ.’

‘ಡೈರೀಲಾ!’ ಎಂದಳು. ‘ಎಂಟು ತಿಂಗ್ಳಿಂದ ನಿನ್ನ ಸುಳ್ಳನ್ನ ನಾನು ಹೇಳ್ಕೊಂಡ್ ಬಂದೆ ಅಜ್ಜಿ. ಕ್ಲಾಸಲ್ಲಿ ಹೇಳ್ದೆ, ನಲ್ಲಿ ಹತ್ರ ಹೇಳ್ದೆ. ನೀನೇ ಊರಿಗೆಲ್ಲ ಓದಿಸ್ಬಿಟ್ಟು ಈಗ ನನ್ನ ಹಿಡ್ಕೊಂಡು ಕೇಳ್ತಿದೀಯಾ. ಶನಿವಾರ ನಾನು ಹೋಗಲ್ಲ. ಶಾಲೆಗೂ ಹೋಗಲ್ಲ.’

ಶುಕ್ರವಾರ ಹೋಗಲಿಲ್ಲ. ಕಟ್ಟಿದ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು. ಮಧ್ಯಾಹ್ನ ತೆರೆದು ನಾನೇ ತಿಂದೆ. ತಪ್ಪಾಯಿತು ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಹೇಗೆ ಹೇಳುತ್ತಾರೋ ನನಗೆ ಗೊತ್ತಿಲ್ಲ. ಸಂಜೆ ಕಾಗದ ತೆಗೆದುಕೊಂಡು ಅವಳ ಮುಂದೆ ಕೂತೆ. ಪೆನ್ನಿನ ಮುಚ್ಚಳ ನಾನೇ ತೆಗೆದೆ.

‘ಓದು.’

‘ಮೂರು ಜನ ಓದಾಯ್ತಲ್ಲ.’

‘ಮೂರೂ ಸುಳ್ಳು ಬಾಯಿ. ನೀನು ಓದು. ಒಂದಕ್ಷರ ಬಿಡಬ್ಯಾಡ.’

ಕಿತ್ತುಕೊಂಡಳು. ಟಿವಿಯಲ್ಲಿ ವಾರ್ತೆ ಓದುವವರ ಥರ ಓದಿದಳು. ‘ತಾಯಿಯು ಮನೆ ಬಿಟ್ಟು ಪ್ರತ್ಯೇಕವಾಗಿ ವಾಸಿಸುತ್ತಿರುವ ಕಾರಣ’ ಎನ್ನುವ ಜಾಗ ಬಂದಾಗ ನಿಲ್ಲಲಿಲ್ಲ, ನನ್ನ ಮುಖ ನೋಡಲಿಲ್ಲ, ಧ್ವನಿ ಜಾರಲಿಲ್ಲ. ನಾನೇ ನೆಲ ನೋಡಿದೆ. ಫೀಸಿಲ್ಲ ಎನ್ನುವುದೂ ಬಂತು, ಮಾತ್ರೆಯೂ ಬಂತು, ಬಿಡಿಸಬಹುದು ಎನ್ನುವುದೂ ಬಂತು. ಆಮೇಲೆ, ‘ಮಗುವಿನ ತಾಯಿಯ ವಿಷಯದಲ್ಲಿ ಮನೆಯ ಹಿರಿಯರು ಹೊರಗೆ ಸುಳ್ಳು ಹೇಳತಕ್ಕದ್ದಲ್ಲ, ಮಗುವಿನಿಂದಲೂ ಹೇಳಿಸತಕ್ಕದ್ದಲ್ಲ’ ಎಂದು ಓದಿದಳು.

‘ಅಂಗಂತ ಬರ್ದೈತಾ?’

‘ಬರೆದಿದೆ.’

‘ತೋರ್ಸು.’

ಕೆಳಗಿನಿಂದ ಮೂರನೇ ಸಾಲಿನ ಮೇಲೆ ಬೆರಳಿಟ್ಟಳು. ಅಕ್ಷರ ಸಣ್ಣವು, ಅರ್ಧ ಬೆರಳಿನ ಕೆಳಗೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಮುಖದಲ್ಲಿ ಏನೂ ಕಾಣದ ಹಾಗೆ ಇರುವುದನ್ನು ಎಂಟು ತಿಂಗಳು ನಾನೇ ಕಲಿಸಿದ್ದೆ. ಮೂವರಲ್ಲಿ ಒಬ್ಬರೂ ಈ ಸಾಲು ಓದಿರಲಿಲ್ಲ. ಆದರೆ ಆ ಮೂವರು ಓದಲಿಲ್ಲ ಎಂದರೆ ಇಲ್ಲ ಎಂದು ಅರ್ಥವೇ? ಪದ್ಧತಿ ಕೆಟ್ಟುಹೋಗಿತ್ತು. ಸೈನ್ ಹಾಕಿದೆ.

ಶನಿವಾರ ಹೋದಳು. ನಾನು ಕಿಟಕಿಗೆ ಹೋಗಲಿಲ್ಲ. ಆದರೆ ಮುಂದಿನ ವಾರ ಹೋಗಿ ಮೇಡಂಗೆ ಬೈದೆ, ಮಕ್ಕಳ ಮನೆಯ ವಿಷಯ ಕಾಗದದಲ್ಲಿ ಹಾಗೆ ಬರೆಯುತ್ತಾರೇನು ಎಂದು. ‘ತಪ್ಪಾಯ್ತು ಅಜ್ಜಿ’ ಎಂದಳು. ಎಷ್ಟು ಸಲೀಸಾಗಿ ಎಂದಳು! ಈಗ ಕಾಗದದಲ್ಲಿ ಬರೀ ಶನಿವಾರದ ಗುಂಪು ಎಂದು ಹಾಕುತ್ತಾರಂತೆ.

ಆ ಶನಿವಾರದ ಮಾರನೇ ದಿನ, ಭಾನುವಾರ, ನಲ್ಲಿಯ ಹತ್ತಿರ ಎಲ್ಲರೂ ಇರುವ ಹೊತ್ತು ನೋಡಿ ಹೋದೆ. ‘ಬೀಗ್ತಿ ಚೆನ್ನಾಗವ್ಳೆ. ಸೊಸೆ ಬಿಟ್ಟೋಗವ್ಳೆ, ಸಿಂಗಸಂದ್ರದಾಗವ್ಳೆ. ನೀರು ಇಡ್ಕಳಿ’ ಎಂದೆ.

ಒಬ್ಬಳು ಕೊಡ ಕೆಳಗಿಟ್ಟು, ‘ಮಂಡಿ, ಅಜ್ಜಿ?’ ಎಂದಳು.

‘ಮಂಡೀನೂ ಚೆನ್ನಾಗೈತೆ.’

ಅವಳಿಗೆ ನಗು ತಡೆಯಲಾಗಲಿಲ್ಲ. ಹಿಂದೆಯೇ ಎಲ್ಲರೂ ನಕ್ಕರು. ಮೊಮ್ಮಗಳು ಕೊಡ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ನಗಲಿಲ್ಲ. ಕೊಡ ಎತ್ತಿಕೊಂಡು ನನ್ನ ಜೊತೆಯೇ ಮನೆಗೆ ಬಂದಳು.

ಅವಳು ಈಗ ಹತ್ತನೇ ಕ್ಲಾಸು. ಡಬ್ಬಿ ಖಾಲಿಯಾಗಿ ಬರುತ್ತದೆ. ಚೆಂಡು ಹಿಡಿದು ಏನು ಮಾತಾಡುತ್ತಾಳೋ ಇವತ್ತಿಗೂ ನನಗೆ ಹೇಳಿಲ್ಲ. ಆ ಕಾಗದದ ಜೆರಾಕ್ಸ್ ನನ್ನ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಕೆಳಗೆ ಇದೆ. ಬೆಳಕಿನಲ್ಲಿ ಕೂತು ಅಕ್ಷರ ಅಕ್ಷರ ಕೂಡಿಸಿದರೆ ಕೆಳಗಿನಿಂದ ಮೂರನೇ ಸಾಲನ್ನು ನಾನೇ ಓದಬಲ್ಲೆ. ತೆಗೆದಿಲ್ಲ. ಆ ಸಾಲು ಅದರಲ್ಲಿ ಇಲ್ಲ ಎಂದೇ ನನ್ನ ಅನುಮಾನ. ನಾಳೆ ಇದನ್ನು ತಿದ್ದುತ್ತಾ ಹುಡುಗಿ ಇಲ್ಲಿಗೆ ಬರುತ್ತಾಳೆ. ನಾನು ಎದುರಿಗೇ ಕೂತು ಅವಳ ಮುಖ ನೋಡುತ್ತಿರುತ್ತೇನೆ.