ನಂಜುಂಡ ಸಿಗುತ್ತಿಲ್ಲ

ಕಂಪ್ಯೂಟರುಗಳಿಗೆ ಮನುಷ್ಯರ ಹೆಸರಿಡುವುದು ನನ್ನ ಚಾಳಿ. ಬೈಕಿಗೆ ಹೆಸರಿಡುವವರಿಲ್ಲವೇ, ಹಾಗೆ. ಈ ಸೀಮೆಯ ಅಜ್ಜಿಯರು ಹಾಡಿದ ಸೋಬಾನೆ, ಬೀಸುವ ಪದಗಳನ್ನು ಕಾಪಿಡುವ ಪುಟ್ಟ ಸಂಸ್ಥೆ ನಮ್ಮದು. ಹಾಡುಗಳೆಲ್ಲ ನಂಜನಗೂಡಿನಲ್ಲಿ ನನ್ನ ಮೇಜಿನ ಕಂಪ್ಯೂಟರಿನಲ್ಲಿರುತ್ತವೆ. ದಿನಾ ಮಧ್ಯಾಹ್ನ ಒಂದೂವರೆಗೆ, ನಾವು ಊಟಕ್ಕೆ ಕೂತ ಹೊತ್ತಿಗೆ, ಅವುಗಳ ಇನ್ನೊಂದು ಪ್ರತಿ ತಾನಾಗಿಯೇ ತಿ. ನರಸೀಪುರದ ಶಾಖೆಯ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಆ ಕಂಪ್ಯೂಟರಿಗೆ ನಾನಿಟ್ಟ ಹೆಸರು ನಂಜುಂಡ. ನಂಜನಗೂಡಿನವನಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ?

ಹೋದ ತಿಂಗಳು ನನ್ನ ಕಂಪ್ಯೂಟರಿನ ಡಿಸ್ಕು ಗರಗರ ಸದ್ದು ಮಾಡತೊಡಗಿತು. ಕೆಟ್ಟರೆ ಕೆಡಲಿ, ಪ್ರತಿ ಇದೆಯಲ್ಲ ಎಂದು ನೋಡಿದರೆ, ಹನ್ನೆರಡು ದಿನಗಳಿಂದ ಒಂದೂ ಹೋಗಿಲ್ಲ! ದಿನಾ ನೋಡಬೇಕಾದವನು ನಾನೇ. ಆ ಹೊತ್ತಿಗೆ ನಾನು ನೋಡುತ್ತಿದ್ದದ್ದು ಮುದ್ದೆ, ಉಪ್ಸಾರು. ಆ ಹನ್ನೆರಡು ದಿನಗಳಲ್ಲೇ ತಗಡೂರು ಕಡೆಯ ಅಜ್ಜಿಯೊಬ್ಬರ ನಲವತ್ತು ಹಾಡುಗಳನ್ನು ವಿಡಿಯೋ ಸಮೇತ ತುಂಬಿದ್ದೆ. ಗಂಟಲಿನ ಆಪರೇಷನ್ನಿಗೆ ಮುಂಚೆ ಎಲ್ಲವನ್ನೂ ಹಾಡಿಬಿಡುತ್ತೇನೆಂದು ಅವರು ಹಟ ಹಿಡಿದು ಹಾಡಿದ್ದರು. ಈಗ ಅಜ್ಜಿ ಚೆನ್ನಾಗಿದ್ದಾರೆ, ಆದರೆ ಇನ್ನು ಹಾಡಲಾರರು. ಅಷ್ಟು ದೊಡ್ಡ ಗಂಟಿಗೆ ಕಚೇರಿಯ ಪೆನ್‌ಡ್ರೈವು ಎಲ್ಲಿ ಸಾಕು?

ವೈರು ಕಿತ್ತು ಚುಚ್ಚಿದೆ. ರೂಟರನ್ನು ಆರಿಸಿ ಹಚ್ಚಿದೆ. ಹೆಸರಿನ ಬದಲು ನೆಟ್‌ವರ್ಕಿನ ಅಂಕಿಯ ವಿಳಾಸ ಹಿಡಿದು ಕೂಗಿದರೆ ನರಸೀಪುರ ‘ಓ’ ಎನ್ನುತ್ತದೆ; ನಂಜುಂಡ ಎಂದರೆ ಅಂಥವರು ಯಾರೂ ಇಲ್ಲ ಎನ್ನುತ್ತದೆ. ಹಾಗಾದರೆ ಅಂಕಿಗೇ ಕಳಿಸೋಣವೆಂದರೆ, ಹೆಸರು ತಾಳೆಯಾಗದೆ ಪ್ರತಿ ಒಳಗೆ ಹೋಗಕೂಡದೆಂದು ಬೀಗ ಹಾಕಿಟ್ಟ ಜಾಣನೂ ನಾನೇ. ನರಸೀಪುರದ ಶಾಖೆ ನೋಡಿಕೊಳ್ಳುವ ಚಿಕ್ಕತಾಯಮ್ಮನವರಿಗೆ ಫೋನು ಮಾಡಿದೆ. ಅವರು, “ಬನ್ನಿ ಸಾ, ಎದ್ರುಗೇ ಏಳ್ತೀನಿ” ಎಂದರು. ಸಿಕ್ಕಿದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಕಂಪ್ಯೂಟರು ಗಟ್ಟಿಮುಟ್ಟಾಗಿದೆ, ಹೆಸರು ಮಾತ್ರ ‘ಯಜಮಾನ್ರು’ ಎಂದಾಗಿದೆ.

“ಅದು ನಿಂತೋದಾಗೆಲ್ಲ ನೀವು ಅದ್ಕಿಟ್ಟ ಎಸ್ರೇಳಿ ‘ಸತ್ತ’ ಅಂತ ಫೋನ್ನಲ್ಲಿ ನಗ್ತಿದ್ರಿ ಸಾ. ನಮ್ಮನೆಯವ್ರುದೂ ಅದೇ ಎಸ್ರು. ಅವ್ರು ಎದೆನೋವಂತ ಮೈಸೂರಾಸ್ಪತ್ರೇಲಿ ಮಲಗಿದ್ದಾಗ ಆ ಮಾತ ಕೇಳಕಾಗ್ಲಿಲ್ಲ ನಂಗೆ. ಅವ್ರು ಮನ್ಗೆ ಬಂದ ದಿನ್ವೇ ಬದ್ಲಾಯಿಸ್ಬುಟ್ಟೆ. ಬೈಯಂಗಿದ್ರೆ ಬೈದ್ಬುಡಿ.”

ಬೈಯುವ ಮಾತೆಲ್ಲಿ ಬಂತು? ನನಗೇ ನಾಚಿಕೆಯಾಯಿತು. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸರ ನಡುವೆಯೇ ಬೆಳೆದವನು ನಾನು. ಮದುವೆಯಲ್ಲಿ ಹೊಸಿಲಿಗೆ ಅಡ್ಡ ನಿಂತು ಹೆಸರು ಹೇಳಿಸುವ ನಾದಿನಿಯರ ಗಲಾಟೆಯನ್ನೂ ಕಂಡವನು. ನಾವು ಕೂಡಿಟ್ಟ ಎಷ್ಟೋ ಹಾಡುಗಳಲ್ಲಿ ಹೆಂಡತಿಯಾದವಳು ಗಂಡನ ರುಮಾಲು, ಎತ್ತು, ಸಿಟ್ಟು ಎಲ್ಲವನ್ನೂ ವರ್ಣಿಸುತ್ತಾಳೆ, ಹೆಸರು ಮಾತ್ರ ಎತ್ತುವುದಿಲ್ಲ. ಕಂಪ್ಯೂಟರಿಗೆ ಈ ಜಾಣತನವಿಲ್ಲ. ಹೇಳಿಕೊಟ್ಟ ಹೆಸರು ಒಂದಕ್ಷರ ಬೇರೆಯಾದರೂ ಎದುರು ಮನೆಯವನನ್ನೇ ಗುರುತಿಸದೆ ಕೂರುತ್ತದೆ.

ಹೆಸರನ್ನು ಮತ್ತೆ ಬದಲಾಯಿಸಲು ಮನಸ್ಸು ಬರಲಿಲ್ಲ. ಅಲ್ಲಿಂದಲೇ ನಂಜನಗೂಡಿನ ಕಂಪ್ಯೂಟರಿನೊಳಕ್ಕೆ ಹೋಗಿ, ನಂಜುಂಡ ಎಂದಿದ್ದ ಕಡೆಯೆಲ್ಲ ಯಜಮಾನ್ರು ಎಂದು ಬರೆದೆ. ಒಂದೂವರೆ ಆಯಿತು. ಹಾಡುಗಳು ಒಂದೊಂದಾಗಿ ಬಂದು ಇಳಿಯತೊಡಗಿದವು. ನಲವತ್ತೂ ಬಂದವೆಂದು ಎರಡೆರಡು ಸಲ ಎಣಿಸಿದ ಮೇಲೆ ಒಂದನ್ನು ಹಚ್ಚಿದೆ. ಅಜ್ಜಿಯ ದನಿ ಕೋಣೆ ತುಂಬಿತು. ಕಣ್ಣು ಒದ್ದೆಯಾದದ್ದನ್ನು ಮುಚ್ಚಿಟ್ಟುಕೊಳ್ಳುವ ಗೋಜಿಗೂ ನಾನು ಹೋಗಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಅಷ್ಟರಲ್ಲಿ ಯಾರೋ ಊಟದ ಡಬ್ಬಿಯನ್ನು ಬಾಗಿಲಲ್ಲಿಟ್ಟು ಹೊರಟುಹೋದರು. ಡಬ್ಬಿ ಕಂಡದ್ದೇ ಚಿಕ್ಕತಾಯಮ್ಮ ಕಿಟಕಿಗೆ ಓಡಿದರು. ಕೆಳಗೆ ಸಂತೆಯಿಂದ ಬರುವವರು, ಬಸ್ಸಿಗೆ ಓಡುವವರು, ಬೀದಿ ತುಂಬ ಜನ.

“ಇದೋ, ನೋಡಿ ಇಲ್ಲಿ! ಮಾತ್ರೆ ನುಂಗುದ್ರಾ?”

ಅಷ್ಟು ಜನರಲ್ಲಿ ಒಬ್ಬರೇ ಒಬ್ಬರು ನಿಂತು, ತಿರುಗಿ, ಹೂಂ ಎಂದು ತಲೆಯಾಡಿಸಿದರು.