ಯಾರ ಗಂಡ ಸತ್ತರೆ ಟಿಕೆಟ್?

ಶಕುಂತಲಾಬಾಯಿ ಮಾಣಿಕನಗರದಲ್ಲಿ ನನ್ನ ತೆಂಗಿನಕಾಯಿ ಅಂಗಡಿಯ ಪಕ್ಕದ ಮನೆಯವಳು. ಗಂಡ ಆಟೊ ಓಡಿಸುತ್ತಿದ್ದ. ಹೈವೇಯಲ್ಲಿ ಲಾರಿ ಗುದ್ದಿ ಸತ್ತ. ಆಕೆ ಅಳುತ್ತ ಮೂಲೆ ಹಿಡಿಯಲಿಲ್ಲ, ಪಕ್ಷದ ಮಹಿಳಾ ಘಟಕ ಹಿಡಿದಳು. ಅದು ಮೂಲೆಗಿಂತ ಕಡೆ ಎಂದು ನಾನು ಆಗಲೇ ಹೇಳಿದ್ದೆ. ಕೇಳಬೇಕಲ್ಲ! ಕೊಡಂಬಲ ಹಳ್ಳಿಯ ಮುದುಕಿಯರ ಪಿಂಚಣಿ, ಕೊಹಿನೂರ ಹಳ್ಳಿಯವರ ರೇಷನ್ ಕಾರ್ಡು, ಯಾರದೋ ಹೆರಿಗೆ, ಎಲ್ಲಕ್ಕೂ ಈಕೆಯೇ ಓಡಬೇಕು. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಜಗಳವಾಡಬಲ್ಲಳು. ಮಂತ್ರಿ ಬಂದರೆ ಹೆಂಗಸರನ್ನು ಕೂಡಿಸುವವಳು ಈಕೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರು ಗಂಡಸರು.

ಈ ಸಲ ಲೋಕಸಭೆಗೆ ಹೆಣ್ಣುಮಗಳನ್ನೇ ನಿಲ್ಲಿಸುತ್ತೇವೆ ಎಂದು ಪಕ್ಷ ಸಾರಿತು. ಹುಚ್ಚಿ, ನಂಬಿಬಿಟ್ಟಳು! ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ನನ್ನನ್ನೂ ಎಳೆದುಕೊಂಡು ಟಿಕೆಟ್ ಕೇಳಲು ಹುಮನಾಬಾದಿನ ಐಬಿಗೆ ಹೋದಳು. ಬೆಂಗಳೂರಿನಿಂದ ಬಂದ ವೀಕ್ಷಕರು ಗೋಡಂಬಿ ತಿನ್ನುತ್ತ ಕುಳಿತಿದ್ದರು.

"ಯಜಮಾನ್ರು ಏನ್ ಮಾಡ್ತಾರೆ?" ಎಂದು ಒಬ್ಬ ಕೇಳಿದ. ಆಕೆ ಏನು ಮಾಡಿದ್ದಾಳೆ ಎಂದು ಯಾರೂ ಕೇಳಲಿಲ್ಲ.

"ತೀರಿಕೊಂಡಾರ್ರೀ."

ಜಿಲ್ಲಾ ಅಧ್ಯಕ್ಷ ಗುರುಶಾಂತ ಗಂಟಲು ಸರಿಮಾಡಿಕೊಂಡ. ಈಕೆಯ ಮನೆಯ ರೊಟ್ಟಿ ಎಷ್ಟು ತಿಂದಿದ್ದಾನೋ ಲೆಕ್ಕವಿಲ್ಲ. "ಅಕ್ಕಾ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಪ್ರಚಾರ ಶುರು ಆಗೋದೇ ಅರಿಶಿಣ-ಕುಂಕುಮದಿಂದ. ಗಂಡ ಇಲ್ದಕಿ ಮುಂದ ನಿಂತು ಹ್ಯಾಂಗ ಹಚ್ತಾಳ? ಮಂದಿ ಅಪಶಕುನ ಅಂತಾರ್ರಿ."

ಪ್ರತಿ ಚೈತ್ರದಲ್ಲಿ ಪಕ್ಷ ಹೆಂಗಸರನ್ನು ಕರೆದು ಅರಿಶಿಣ-ಕುಂಕುಮ ಹಚ್ಚಿ, ಕೋಸಂಬರಿ, ಮಾವಿನಕಾಯಿ ಪಾನಕ ಕೊಡುವುದು ರೂಢಿ. ಅವರನ್ನು ಕರೆತರುವವಳು ಶಕುಂತಲಾಬಾಯಿ. ಕುಂಕುಮ ಹಚ್ಚುವ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಪಾನಕ ಕಲಸುವವಳೂ ಅವಳೇ. ಅಂದು ಮನೆಗೆ ಬಂದು ಸೀರೆ ಮಡಿಸುತ್ತ ಅತ್ತಳು. ನನಗೆ ಮೈಯೆಲ್ಲ ಉರಿಯಿತು.

ವಾರದೊಳಗೆ ಟಿಕೆಟ್ ಜಯಮಾಲಾಗೆ ಹೋಯಿತು. ಯಾರೀಕೆ? ದೀಪಾವಳಿಗೆ ಮುಂಚೆ ತೀರಿಕೊಂಡ ಪಕ್ಷದ ದೊಡ್ಡ ಕುಳ ಓಂಪ್ರಕಾಶ ಸಾವಕಾರರ ಹೆಂಡತಿ. ಇರುವುದು ಹೈದರಾಬಾದಿನಲ್ಲಿ, ಕೊಡಂಬಲ ಎಲ್ಲಿದೆ ಎಂದು ಕೇಳಿದರೆ ಡ್ರೈವರನ ಮುಖ ನೋಡಬೇಕು. "ಅನುಕಂಪದ ಅಲೆ ಅದರಿ" ಎಂದ ಗುರುಶಾಂತ. ನೋಡಿ ಇವರ ಪಂಚಾಂಗ! ಸಾವಕಾರ ಸತ್ತರೆ ಅಲೆ, ಆಟೊದವನು ಸತ್ತರೆ ಅಪಶಕುನ.

ಈ ಬುದ್ಧಿವಂತರು ಅಲ್ಲಿಗೇ ನಿಲ್ಲಲಿಲ್ಲ. 'ಜಯಮಾಲಾ ತಾಯಿಯವರಿಂದ ಅರಿಶಿಣ-ಕುಂಕುಮ' ಎಂದು ಬಸವಕಲ್ಯಾಣದ ಫಂಕ್ಷನ್ ಹಾಲಿಗೆ ಬ್ಯಾನರ್ ಕಟ್ಟಿಸಿದರು. ಚೈತ್ರ ಬಂತಲ್ಲ, ರೂಢಿ! ಅಷ್ಟು ಗಂಡಸರಲ್ಲಿ ಒಬ್ಬನಿಗಾದರೂ ಹೊಳೆಯಬೇಡವೇ? ಹೆಂಗಸರನ್ನು ಕರೆತರಲು ಫೋನ್ ಬಂದದ್ದು ಮತ್ತೆ ಶಕುಂತಲಾಬಾಯಿಗೇ. ಹೋಗಬೇಡ ಎಂದು ನಾನು ಬೈದೆ.

"ಹೋಗ್ತೀನಿ ತಂಗೀ. ಏನ್ ಮಾಡ್ಯಾರಂತ ಅವರ ಕಣ್ಣಿಂದ ಅವರೇ ನೋಡ್ಲಿ" ಎಂದಳು. ಟೆಂಪೊಗಳ ತುಂಬ ಹೆಂಗಸರು ಬಂದರು. ನಾನೂ ಹೋದೆ.

ಬೋಳು ಹಣೆಯ ಜಯಮಾಲಾ ಬೆಳ್ಳಿ ಬಟ್ಟಲು ಹಿಡಿದು ವೇದಿಕೆಯ ಮೇಲೆ ನಿಂತಳು. ಹಚ್ಚಿಸಿಕೊಳ್ಳಲು ಒಬ್ಬಳೂ ಏಳಲಿಲ್ಲ. ಆಕೆಯ ಮೇಲಿನ ಸಿಟ್ಟಿನಿಂದಲ್ಲ; ಎಲ್ಲರಿಗೂ ತಂತಮ್ಮ ತಾಳಿಯ ಭಯ. ಗುರುಶಾಂತ ಗಾಬರಿಯಾಗಿ ಮೈಕ್ ಕಿತ್ತುಕೊಂಡ. "ಇದು ಶರಣರ ನೆಲ ಅದರಿ! ಇಲ್ಲಿ ವಿಧವಾ, ಮುತ್ತೈದಿ ಅನ್ನೋ ಭೇದ ಇಲ್ಲ!" ಐಬಿಯಲ್ಲಿ ಆ ಶರಣರು ಎಲ್ಲಿ ಹೋಗಿದ್ದರೋ. ಆಮೇಲೆ ಹಿಂದಿನ ಕೋಣೆಗೆ ಓಡಿದ. "ಅಕ್ಕಾ, ಬರ್ರಿ, ಮೊದ್ಲು ನೀವು ಹಚ್ಚಿಸ್ಕೊರ್ರಿ. ನೀವು ಬಂದ್ರ ಎಲ್ಲಾರೂ ಬರ್ತಾರ."

ಶಕುಂತಲಾಬಾಯಿ ಪಾನಕದ ಕೈಯನ್ನು ಸೆರಗಿಗೆ ಒರೆಸಿಕೊಂಡು ವೇದಿಕೆ ಹತ್ತಿದಳು. ಮೈಕಿನ ಮುಂದೆಯೇ ನಿಂತಳು.

"ಅಧ್ಯಕ್ಷರ, ನನ್ನ ಗಂಡನೂ ಸತ್ತಾನ್ರಿ. ಅವನ ಅನುಕಂಪ ಎಲ್ಲಿಟ್ಟೀರಿ?"

ಇಡೀ ಸಭೆ ಗೊಳ್ಳೆಂದು ನಕ್ಕಿತು. ಗುರುಶಾಂತ ಇಂಗು ತಿಂದ ಮಂಗನಂತೆ ನಿಂತ. ನನಗೆ ಹೊಟ್ಟೆ ತಣ್ಣಗಾಯಿತು.

ಆದರೆ ಜಯಮಾಲಾ ಬಟ್ಟಲು ಹಿಡಿದುಕೊಂಡೇ ಶಕುಂತಲಾಬಾಯಿಯ ಹತ್ತಿರ ಬಂದಳು. ಮೈಕಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದಳು. ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು. "ನನಗ ಇದು ಬ್ಯಾಡಾಗಿತ್ತು ಅಕ್ಕಾ. ಮೈದುನ ಹೆಸರು ಕೊಟ್ಟು ಬಂದ ಮ್ಯಾಲೆ ನನಗ ಗೊತ್ತಾತು."

ಶಕುಂತಲಾಬಾಯಿ ಆಕೆಯ ಕೈಯಿಂದ ಬಟ್ಟಲು ತೆಗೆದು ಮೇಜಿನ ಮೇಲಿಟ್ಟಳು.

"ನಿಮಗ ಬ್ಯಾಡಾಗಿತ್ತು, ನನಗ ಬೇಕಾಗಿತ್ತು. ಇಬ್ಬರನ್ನೂ ಯಾರೂ ಕೇಳಲಿಲ್ಲ ನೋಡವ್ವಾ."

ಅಷ್ಟೆಂದು ಇಳಿದು ಬಾಗಿಲ ಕಡೆ ನಡೆದಳು. ಹೆಂಗಸರೆಲ್ಲ ಎದ್ದು ಆಕೆಯ ಹಿಂದೆ ಹೊರಟರು. ವೇದಿಕೆಯ ಮೇಲೆ ಉಳಿದವರು ಗಂಡಸರು, ಮತ್ತು ಅವರ ಅಭ್ಯರ್ಥಿ.